ಒಂದೇ ಮನೆಯಿಂದ ಬಂದ ಬ್ಲೂಸ್: ಹಳೆಯ ರೆಕಾರ್ಡ್‌ಗಳ ಅಣ್ಣತಮ್ಮ, ಅಕ್ಕತಂಗಿಯರ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

1920ರ ದಶಕದ ಬ್ಲೂಸ್ ಬಗ್ಗೆ ಮಾತು ಶುರುವಾದರೆ ಕೆಲವು ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತವೆ. ಅವನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಹಾಕಿದ್ದೇನೆ. ಮೊದಲ ಭಾಗ ಹೊಸಬರಿಗೆ. ಈಗಾಗಲೇ ಒಂದಷ್ಟು ಕೇಳಿದವರು ನೇರವಾಗಿ ಕೊನೆಯ ಭಾಗಕ್ಕೆ ಹೋಗಬಹುದು.

## ಶುರು ಮಾಡುವವರಿಗೆ

ಬ್ಲೂಸ್ ಅಂದ್ರೆ ಜಾಝೇ ಅಲ್ವಾ? ವ್ಯತ್ಯಾಸ ಏನು?

ಎರಡೂ ಅಮೆರಿಕದ ಕಪ್ಪು ಜನರ ಸಂಗೀತ, ಒಂದರಿಂದ ಇನ್ನೊಂದು ಬೇಕಾದಷ್ಟು ತೆಗೆದುಕೊಂಡಿದೆ. ಆದರೆ ಬ್ಲೂಸ್ ಮುಖ್ಯವಾಗಿ ಹಾಡು. ಒಂದು ಸಾಲು ಹಾಡುತ್ತಾರೆ, ಅದನ್ನೇ ಇನ್ನೊಮ್ಮೆ ಹಾಡುತ್ತಾರೆ, ಮೂರನೇ ಸಾಲಿನಲ್ಲಿ ಅದಕ್ಕೆ ಉತ್ತರ ಕೊಡುತ್ತಾರೆ. ಸಾಲು ಮುಗಿದಲ್ಲಿ ಬಿಟ್ಟ ಜಾಗವನ್ನು ಗಿಟಾರೋ ಪಿಯಾನೋನೋ ತುಂಬುತ್ತದೆ. ಎಲ್ಲ ಬ್ಲೂಸೂ ಹೀಗೇ ಇರುತ್ತದೆ ಅಂತಲ್ಲ, ಆದರೆ ಮುಕ್ಕಾಲು ಪಾಲು ಹಾಡಿಗೆ ಈ ಅಚ್ಚು ಸಾಕು. ಹಳ್ಳಿಗಾಡಿನ ಬ್ಲೂಸ್‌ಗೆ ಒಬ್ಬ ಮನುಷ್ಯ, ಒಂದು ಗಿಟಾರ್ ಇದ್ದರೆ ಆಯಿತು.

ಒಡಹುಟ್ಟಿದವರು ಅಂದ್ರೆ ಯಾರ್ಯಾರು? ಬರೀ ಹೆಸರು ಹೇಳಿ, ಸಾಕು.

ಜಾರ್ಜಿಯಾದ ಹಿಕ್ಸ್ ಸಹೋದರರು: ಬಾರ್ಬೆಕ್ಯೂ ಬಾಬ್ ಮತ್ತು ಅವನ ಅಣ್ಣ ಚಾರ್ಲಿ ಲಿಂಕನ್. ಮಿಸಿಸಿಪಿಯ ಚಾಟ್‌ಮನ್ ಸಹೋದರರು: ಲಾನಿ, ಬೋ, ಸ್ಯಾಮ್, ಹ್ಯಾರಿ. ಅದೇ ರಾಜ್ಯದ ಮೆಕಾಯ್ ಸಹೋದರರು: ಜೋ ಮತ್ತು ಚಾರ್ಲಿ. ಟೆಕ್ಸಾಸ್‌ನ ಥಾಮಸ್ ಮನೆ: ಜಾರ್ಜ್, ಹರ್ಸಲ್, ಮತ್ತು ಅವರ ಸಹೋದರಿ ಸಿಪ್ಪಿ ವಾಲೇಸ್. ಅಲ್ಲಿನದೇ ಸ್ಪೈವಿ ಸಹೋದರಿಯರು. ನ್ಯೂ ಆರ್ಲಿಯನ್ಸ್‌ನ ಲಾನಿ ಮತ್ತು ಜೇಮ್ಸ್ ಜಾನ್ಸನ್. ಇನ್ನೂ ಇದ್ದಾರೆ, ಆದರೆ ಈ ಪುಟದಲ್ಲಿ ಹೆಚ್ಚಿನ ಮಾತು ಹಿಕ್ಸ್ ಸಹೋದರರ ಬಗ್ಗೆಯೇ. ನನಗೆ ಅವರ ಮೇಲೆ ಪಕ್ಷಪಾತ ಇದೆ, ಮುಚ್ಚಿಡುವುದಿಲ್ಲ.

ಒಂದೇ ಮನೆಯವರಾದ್ರೆ ಒಬ್ಬೊಬ್ಬರಿಗೆ ಒಂದೊಂದು ಹೆಸರು ಯಾಕೆ?

ರಾಬರ್ಟ್ ಹಿಕ್ಸ್ ರೆಕಾರ್ಡ್‌ನಲ್ಲಿ ಬಾರ್ಬೆಕ್ಯೂ ಬಾಬ್ ಆದ. ಅವನ ಅಣ್ಣ ಚಾರ್ಲಿ ಹಿಕ್ಸ್, ಚಾರ್ಲಿ ಲಿಂಕನ್ ಆದ. ಬೋ ಚಾಟ್‌ಮನ್ ಬೋ ಕಾರ್ಟರ್ ಆದ. ಬ್ಯೂಲಾ ಥಾಮಸ್ ಮದುವೆಯಾಗಿ ಸಿಪ್ಪಿ ವಾಲೇಸ್ ಆದಳು. ಎಲ್ಲರನ್ನೂ ಮೀರಿಸಿದವನು ಜೋ ಮೆಕಾಯ್. ಕ್ಯಾನ್ಸಸ್ ಜೋ, ಮಿಸಿಸಿಪಿ ಮಡ್ಡರ್, ಜಾರ್ಜಿಯಾ ಪೈನ್ ಬಾಯ್, ಭಕ್ತಿಗೀತೆ ಹಾಡಿದಾಗ ಹಲ್ಲೆಲೂಯಾ ಜೋ!

ಕಂಪನಿಗಳಿಗೆ ಬೇಕಾಗಿದ್ದು ಮಾರಾಟವಾಗುವ ಹೆಸರು. ಒಂದು ಕಂಪನಿಗೆ ಹಾಡಿದವನು ಇನ್ನೊಂದು ಕಂಪನಿಗೆ ಬೇರೆ ಹೆಸರಲ್ಲಿ ಹಾಡುವುದೂ ಮಾಮೂಲಿ. ಇದರಿಂದ ಆದ ನಷ್ಟ ಏನು ಗೊತ್ತಾ? ಈ ಸಂಗೀತ ಮನೆಯೊಳಗೆ ಹುಟ್ಟಿದ್ದು ಅನ್ನುವ ವಿಷಯವೇ ಲೇಬಲ್‌ನಿಂದ ಅಳಿಸಿಹೋಯಿತು. ಬಾರ್ಬೆಕ್ಯೂ ಬಾಬ್‌ನ ರೆಕಾರ್ಡ್ ಕೊಂಡವನಿಗೆ, ಅದೇ ಅಂಗಡಿಯಲ್ಲಿರುವ ಚಾರ್ಲಿ ಲಿಂಕನ್ ಅವನ ಒಡಹುಟ್ಟಿದ ಅಣ್ಣ ಅಂತ ಹೇಗೆ ಗೊತ್ತಾಗಬೇಕು? ಬ್ಲೂಸ್ ಅಂದರೆ ಒಂಟಿ ಅಲೆಮಾರಿಯ ಸಂಗೀತ ಅನ್ನುವ ಕಥೆ ಇಷ್ಟು ಗಟ್ಟಿಯಾಗಿ ನಿಂತಿರುವುದರಲ್ಲಿ ಈ ಲೇಬಲ್‌ಗಳ ಪಾಲೂ ಇದೆ ಅಂತ ನನ್ನ ಅಭಿಪ್ರಾಯ.

ಹಳೆಯ ರೆಕಾರ್ಡ್ ಅಂದ್ರೆ ಬರೀ ಕರಕರ ಸದ್ದು. ಕೇಳೋಕೆ ಆಗುವಂಥದ್ದು ಯಾವುದಾದ್ರೂ ಇದೆಯಾ?

ಇದೆ. ಕೊಲಂಬಿಯಾ ಅನ್ನುವ ರೆಕಾರ್ಡ್ ಕಂಪನಿ ಜಾರ್ಜಿಯಾದ ಅಟ್ಲಾಂಟಾದಲ್ಲಿ ಮಾಡಿದ ರೆಕಾರ್ಡ್‌ಗಳಿಂದ ಶುರು ಮಾಡಿ. 1925ರಿಂದ ಅವರು ಮೈಕ್ ಬಳಸಿ ವಿದ್ಯುತ್ ವಿಧಾನದಲ್ಲಿ ಧ್ವನಿ ಹಿಡಿಯುತ್ತಿದ್ದರು. ಹಾಗಾಗಿ ಬಾಬ್‌ನ ಹಾಡು ಇವತ್ತಿಗೂ ಸಾಕಷ್ಟು ಸ್ವಚ್ಛವಾಗಿ ಕೇಳುತ್ತದೆ. ಗಿಟಾರ್‌ನ ದಪ್ಪ ತಂತಿ ಗುಂಯ್ ಅನ್ನುವುದೂ ಗೊತ್ತಾಗುತ್ತದೆ. ಅದೇ ಕಾಲದ ಪ್ಯಾರಾಮೌಂಟ್ ಕಂಪನಿಯ ರೆಕಾರ್ಡ್‌ಗಳನ್ನು ಮೊದಲು ಕೇಳಬೇಡಿ. ಕಲಾವಿದರು ಅದ್ಭುತ, ಆದರೆ ಸದ್ದು ಕಳಪೆ. ಹೊಸಬರು ಅರ್ಧ ನಿಮಿಷಕ್ಕೇ ಎದ್ದು ಹೋಗುತ್ತಾರೆ.

## ಹಿಕ್ಸ್ ಸಹೋದರರು

ಬಾರ್ಬೆಕ್ಯೂ ಬಾಬ್ ನಿಜವಾಗ್ಲೂ ಅಡುಗೆಯವನಾ, ಇಲ್ಲ ಅದೂ ಬರೀ ಹೆಸರಾ?

ನಿಜವಾಗಿಯೂ ಅಡುಗೆ ಮಾಡುತ್ತಿದ್ದ. ಅಟ್ಲಾಂಟಾದ ಉತ್ತರಕ್ಕಿರುವ ಬಕ್‌ಹೆಡ್‌ನಲ್ಲಿ ಟಿಡ್‌ವೆಲ್ ಅನ್ನುವ ಬಾರ್ಬೆಕ್ಯೂ ಅಂಗಡಿ ಇತ್ತು. ಮಾಂಸ ಸುಟ್ಟು ಬಡಿಸುವುದು, ಮಧ್ಯೆ ಗಿರಾಕಿಗಳಿಗೆ ಹಾಡುವುದು, ಇದು ಅವನ ಕೆಲಸ. ಕೊಲಂಬಿಯಾ ಪರವಾಗಿ ಹಾಡುಗಾರರನ್ನು ಹುಡುಕುತ್ತಿದ್ದ ಡ್ಯಾನ್ ಹಾರ್ನ್ಸ್‌ಬಿಯ ಕಣ್ಣಿಗೆ ಅವನು ಬಿದ್ದ. 1927ರ ಮಾರ್ಚ್ 25ರಂದು ಅಟ್ಲಾಂಟಾದಲ್ಲಿ ಮೊದಲ ರೆಕಾರ್ಡಿಂಗ್. ಹಾಡಿನ ಹೆಸರು ‘ಬಾರ್ಬೆಕ್ಯೂ ಬ್ಲೂಸ್’. ಹಾಡಿನ ಜೊತೆಗೆ ಹಾಡುಗಾರನಿಗೂ ಅದೇ ಹೆಸರು ಅಂಟಿತು. ರೆಕಾರ್ಡ್ ಸುಮಾರು 15,000 ಪ್ರತಿ ಮಾರಾಟವಾಯಿತು. ಆ ಮಾರುಕಟ್ಟೆಗೆ ಅದು ಒಳ್ಳೆಯ ಸಂಖ್ಯೆ. ಜೂನ್‌ನಲ್ಲೇ ಕಂಪನಿ ಅವನನ್ನು ನ್ಯೂಯಾರ್ಕ್‌ಗೆ ಕರೆಸಿಕೊಂಡಿತು.

ಅವನ ಪ್ರಚಾರದ ಫೋಟೋ ಒಂದಿದೆ, ನೋಡಿ. ತಲೆಗೆ ಬಿಳಿ ಟೋಪಿ, ಮೈಗೆ ಅಡುಗೆಯವನ ಬಿಳಿ ಉಡುಪು, ಕೈಯಲ್ಲಿ ಗಿಟಾರ್. ಕೆಲಸದ ಮಧ್ಯೆ ಹಾಗೇ ಎದ್ದು ಬಂದ ಹಾಗೆ ನಿಲ್ಲಿಸಿದ್ದಾರೆ. ಈಗಿನ ಮಾತಲ್ಲಿ ಹೇಳಬೇಕಂದ್ರೆ ಪಕ್ಕಾ ಬ್ರ್ಯಾಂಡಿಂಗ್. ಹಾಡುಗಾರ ಬೇರೆ, ಅಡುಗೆಯವ ಬೇರೆ ಅಂತ ನೋಡುವವರಿಗೆ ಅನಿಸಲೇಬಾರದು. ಅವನಿಗೆ ಒಂದು ಸೂಟು ಹಾಕಿಸಿ ಫೋಟೋ ತೆಗೆಯಬಹುದಿತ್ತು. ಕಂಪನಿಗೆ ಅದು ಬೇಕಿರಲಿಲ್ಲ.

ಇವರಿಗೆ ಗಿಟಾರ್ ಹೇಳಿಕೊಟ್ಟಿದ್ದು ಯಾರು?

ಒಬ್ಬ ಹೆಂಗಸು. ಬ್ಲೂಸ್ ಕಥೆಗಳಲ್ಲಿ ಈ ಭಾಗವನ್ನು ಜನ ಬೇಗ ಮರೆಯುತ್ತಾರೆ.

ಚಾರ್ಲಿ ಹುಟ್ಟಿದ್ದು 1900ರಲ್ಲಿ ಲಿಥೋನಿಯಾದಲ್ಲಿ. ಬಾಬ್ ಹುಟ್ಟಿದ್ದು 1902ರ ಸೆಪ್ಟೆಂಬರ್ 11ರಂದು ವಾಲ್‌ನಟ್ ಗ್ರೋವ್‌ನಲ್ಲಿ. ಎರಡೂ ಅಟ್ಲಾಂಟಾದ ಪೂರ್ವಕ್ಕಿರುವ ಊರುಗಳು. ಅಪ್ಪ ಅಮ್ಮ ಹೊಲದಲ್ಲಿ ದುಡಿಯುವವರು. ಹುಡುಗರು ನ್ಯೂಟನ್ ಕೌಂಟಿಯಲ್ಲಿ ಬೆಳೆಯುವಾಗ ಕರ್ಲಿ ವೀವರ್ ಅನ್ನುವ ಹುಡುಗ ಜೊತೆಗಾರ. ಅವನ ತಾಯಿ ಸವಾನಾ ವೀವರ್, ಎಲ್ಲರ ಬಾಯಲ್ಲಿ ‘ಡಿಪ್’. ಅವಳು ಗಿಟಾರ್ ನುಡಿಸುತ್ತಿದ್ದಳು. ತನ್ನ ಮಗನಿಗೂ, ಹಿಕ್ಸ್ ಹುಡುಗರಿಗೂ ಹೇಳಿಕೊಟ್ಟವಳು ಅವಳೇ.

ಆ ಮೂವರೂ ಮುಂದೆ ಅಟ್ಲಾಂಟಾಗೆ ಹೋದರು. ಮೂವರೂ ಕೊಲಂಬಿಯಾಗೆ ಹಾಡಿದರು. ಕರ್ಲಿ ವೀವರ್, ಅಟ್ಲಾಂಟಾದ ಇನ್ನೊಬ್ಬ ಬ್ಲೂಸ್ ಹಾಡುಗಾರ ಬ್ಲೈಂಡ್ ವಿಲ್ಲಿ ಮೆಕ್‌ಟೆಲ್‌ನ ಜೊತೆಗಾರನಾಗಿ 1950ರವರೆಗೂ ರೆಕಾರ್ಡಿಂಗ್‌ನಲ್ಲಿ ಕಾಣಿಸುತ್ತಾನೆ. ಅಟ್ಲಾಂಟಾ ಬ್ಲೂಸ್ ಅಂತ ಇವತ್ತು ಕರೆಯುವ ಶೈಲಿಯ ದೊಡ್ಡ ಪಾಲು ಆ ತಾಯಿಯ ಮನೆಯಿಂದ ಬಂತು ಅಂದರೆ ತಪ್ಪಾಗಲಾರದು.

ಅಣ್ಣ ಚಾರ್ಲಿ ಸುಮ್ನೆ ತಮ್ಮನ ಬಾಲ ಹಿಡ್ಕೊಂಡು ಬಂದವನಾ?

ಹಾಗೆ ಹೇಳುವವರು ಜಾಸ್ತಿ. ಬಾಬ್ ಹಿಟ್ ಆದ ಮೇಲೆಯೇ, 1927ರ ನವೆಂಬರ್‌ನಲ್ಲಿ ಚಾರ್ಲಿಗೆ ಅವಕಾಶ ಸಿಕ್ಕಿತು, ಅದು ನಿಜ. ಗಿಟಾರ್‌ನಲ್ಲಿ ಬಾಬ್‌ಗಿದ್ದ ಚುರುಕು ಅಣ್ಣನಿಗಿಲ್ಲ, ಅದೂ ನಿಜ. ಚಾರ್ಲಿ ಹಾಡಿದ್ದು ಕಡಿಮೆ. ಬಾಬ್‌ನದು 60ಕ್ಕೂ ಹೆಚ್ಚು ಹಾಡುಗಳಾದರೆ ಅಣ್ಣನದು ಅದರ ಒಂದು ಸಣ್ಣ ಪಾಲು.

ಆದರೆ ‘ಜೆಲಸ್ ಹಾರ್ಟೆಡ್ ಬ್ಲೂಸ್’ ಕೇಳಿ. 1924ರಲ್ಲಿ ಬ್ಲೂಸ್ ಹಾಡುಗಾರ್ತಿ ಮಾ ರೇನಿ ವಾದ್ಯವೃಂದದ ಜೊತೆ ಹಾಡಿದ್ದ ಹಾಡು ಅದು. ಚಾರ್ಲಿ ಅದನ್ನು ಒಂದೇ ಗಿಟಾರಿಗೆ ಇಳಿಸಿದ. ಆತುರ ಇಲ್ಲ, ಪ್ರದರ್ಶನ ಇಲ್ಲ. ಮಾತಾಡುತ್ತಾ ಮಾತಾಡುತ್ತಾ ಹಾಡಿಗೆ ಹೊರಳಿದ ಹಾಗಿದೆ. ಬಾಬ್ ಕುಣಿಸುತ್ತಾನೆ, ಚಾರ್ಲಿ ಕೂರಿಸಿಕೊಂಡು ಹೇಳುತ್ತಾನೆ. ಯಾರು ಮೇಲು ಅನ್ನುವ ಲೆಕ್ಕ ಇಲ್ಲಿ ಯಾಕೆ ಬೇಕು?

‘ಲಾಫಿಂಗ್ ಚಾರ್ಲಿ’ ಅನ್ನುವ ಅಡ್ಡಹೆಸರು ಬಂದದ್ದು ರೆಕಾರ್ಡ್‌ನಲ್ಲಿ ಅವನು ನಗುತ್ತಿದ್ದುದರಿಂದ. ಅದು ಮೈಕ್ ಮುಂದಿನ ನಗು. ಅವನ ಜೀವನದಲ್ಲಿ ನಗುವಂಥದ್ದು ಜಾಸ್ತಿ ಇರಲಿಲ್ಲ.

ಇಬ್ಬರೂ ಒಟ್ಟಿಗೆ ಇರುವ ರೆಕಾರ್ಡ್ ಇದೆಯಾ?

ಇದೆ. ‘ಇಟ್ ವೋಂಟ್ ಬಿ ಲಾಂಗ್ ನೌ’, 1927ರ ನವೆಂಬರ್‌ನದು. ಒಂದು ಹಾಡು ಮೂರು ನಿಮಿಷಕ್ಕೆ ಮುಗಿಯಲೇಬೇಕಾದ ಕಾಲದಲ್ಲಿ ಇವರಿಗೆ ರೆಕಾರ್ಡ್‌ನ ಎರಡೂ ಬದಿ ಬಿಟ್ಟುಕೊಟ್ಟಿದ್ದಾರೆ. ಅರ್ಧ ಹಾಡು, ಅರ್ಧ ಹರಟೆ. ಒಬ್ಬ ಹೆಂಗಸರ ಸಹವಾಸದ ಗೋಳು ತೆಗೆಯುತ್ತಾನೆ, ಇನ್ನೊಬ್ಬ ಕಾಲೆಳೆಯುತ್ತಾನೆ, ನಡುವೆ ಚಾರ್ಲಿಯ ಆ ನಗು. ಮಾತು ಮುಂಚೆಯೇ ಗೊತ್ತು ಮಾಡಿಕೊಂಡಿದ್ದು ಅನ್ನುವುದು ಕೇಳಿದರೆ ತಿಳಿಯುತ್ತದೆ. ಆದರೂ ಒಬ್ಬನ ಮಾತು ಮುಗಿಯುವ ಮುಂಚೆ ಇನ್ನೊಬ್ಬ ಬಾಯಿ ಹಾಕುವ ರೀತಿ ಇದೆಯಲ್ಲ, ಅದು ಒಂದೇ ಮನೆಯಲ್ಲಿ ಬೆಳೆದವರದು.

ಪ್ರವಾಹದ ಹಾಡು ಹಾಡಿದ್ದಾನಲ್ಲ, ಬಾಬ್ ಆ ಪ್ರವಾಹದಲ್ಲಿ ಸಿಕ್ಕಿಹಾಕಿಕೊಂಡಿದ್ದನಾ?

ಇಲ್ಲ. 1927ರ ಏಪ್ರಿಲ್‌ನಲ್ಲಿ ಮಿಸಿಸಿಪಿ ನದಿಯ ಒಡ್ಡುಗಳು ಒಡೆದು 6 ಲಕ್ಷಕ್ಕೂ ಹೆಚ್ಚು ಜನ ಮನೆ ಬಿಡಬೇಕಾಯಿತು. ಅದು ನಡೆದದ್ದು ಅಟ್ಲಾಂಟಾದಿಂದ ನೂರಾರು ಮೈಲಿ ಪಶ್ಚಿಮಕ್ಕೆ. ಬಾಬ್ ‘ಮಿಸಿಸಿಪಿ ಹೆವಿ ವಾಟರ್ ಬ್ಲೂಸ್’ ಹಾಡಿದ್ದು ಜೂನ್ ತಿಂಗಳಲ್ಲಿ, ನ್ಯೂಯಾರ್ಕ್‌ನ ಸ್ಟುಡಿಯೋದಲ್ಲಿ. ಆಗ ಎಲ್ಲ ಪತ್ರಿಕೆಗಳಲ್ಲಿ ಅದೇ ಸುದ್ದಿ, ಎಲ್ಲ ಕಂಪನಿಗಳಿಗೂ ಪ್ರವಾಹದ ಹಾಡು ಬೇಕು.

ಹಾಗಂತ ಇದನ್ನು ಸುದ್ದಿಯ ಬೆನ್ನು ಹತ್ತಿದ ಹಾಡು ಅಂತ ತಳ್ಳಿಹಾಕಬೇಡಿ. ಊರು ಮುಳುಗಿದ ಅಂಕಿಅಂಶ ಇದರಲ್ಲಿಲ್ಲ. ನೀರಿನಲ್ಲಿ ಹೆಂಡತಿಯನ್ನು ಕಳೆದುಕೊಂಡ ಒಬ್ಬ ಗಂಡಸಿನ ದನಿ ಇದೆ. ಹೊರಗೇ ಇದ್ದವನು ಒಳಗಿನಿಂದ ಹಾಡಿದ್ದಾನೆ. ಬಾಬ್‌ನ ಹಾಡುಗಳಲ್ಲಿ ನನಗೆ ಇದೇ ಮೊದಲನೆಯದು.

ಅಷ್ಟು ಚಿಕ್ಕ ವಯಸ್ಸಿಗೆ ಬಾಬ್‌ಗೆ ಏನಾಯ್ತು? ಆಮೇಲೆ ಚಾರ್ಲಿ ಕಥೆ?

ಬಾಬ್ 1931ರ ಅಕ್ಟೋಬರ್ 21ರಂದು ಲಿಥೋನಿಯಾದಲ್ಲಿ ತೀರಿಕೊಂಡ. ವಯಸ್ಸು 29. ಕ್ಷಯ ಇತ್ತು, ಅದರ ಮೇಲೆ ನ್ಯುಮೋನಿಯಾ ಬಂತು. ಆಗ ಕ್ಷಯಕ್ಕೆ ಔಷಧಿ ಇರಲಿಲ್ಲ, ಪೆನ್ಸಿಲಿನ್ ಆಸ್ಪತ್ರೆಗಳಿಗೆ ಬಂದದ್ದು ಹತ್ತು ವರ್ಷ ಕಳೆದ ಮೇಲೆ. ಅವನನ್ನು ಮಣ್ಣು ಮಾಡುವ ಮುಂಚೆ ಅವನದೇ ಪ್ರವಾಹದ ಹಾಡನ್ನು ಸಮಾಧಿಯ ಪಕ್ಕ ಹಾಕಿದರಂತೆ.

ಚಾರ್ಲಿಯ ಕೊನೆಯ ರೆಕಾರ್ಡಿಂಗ್ 1930ರದ್ದು. ತಮ್ಮ ಹೋದ ಮೇಲೆ ಅವನು ಸ್ಟುಡಿಯೋ ಮೆಟ್ಟಿಲು ಹತ್ತಲೇ ಇಲ್ಲ. ಅಟ್ಲಾಂಟಾದಲ್ಲಿ ಅಲ್ಲಿ ಇಲ್ಲಿ ಹಾಡಿಕೊಂಡಿದ್ದ, ಕುಡಿತ ಜೋರಾಯಿತು. 1955ರ ಕ್ರಿಸ್‌ಮಸ್ ಹೊತ್ತಿಗೆ ಒಬ್ಬನನ್ನು ಕೊಂದ ಪ್ರಕರಣದಲ್ಲಿ ಶಿಕ್ಷೆಯಾಗಿ, ಜಾರ್ಜಿಯಾದ ದಕ್ಷಿಣದ ಕೈರೋ ಊರಿನ ಜೈಲು ಸೇರಿದ. 1963ರ ಸೆಪ್ಟೆಂಬರ್ 28ರಂದು ಅಲ್ಲೇ ಸತ್ತ.

ಆ ವರ್ಷ ಯಾವುದು ಅಂತ ಗಮನಿಸಿ. ಹಳೆಯ ಬ್ಲೂಸ್ ಹಾಡುಗಾರರನ್ನು ಹುಡುಕಿಕೊಂಡು ಬಿಳಿ ಹುಡುಗರು ದಕ್ಷಿಣದ ಹಳ್ಳಿಗಳಲ್ಲಿ ತಿರುಗುತ್ತಿದ್ದ ಕಾಲ ಅದು. ಮಿಸಿಸಿಪಿ ಜಾನ್ ಹರ್ಟ್‌ನನ್ನು ಹುಡುಕಿ ವೇದಿಕೆಗೆ ತಂದದ್ದೂ 1963ರಲ್ಲೇ.

## ಬೇರೆ ಮನೆಗಳು

ಮಿಸಿಸಿಪಿ ಶೀಕ್ಸ್ ಅಣ್ಣತಮ್ಮಂದಿರ ಬ್ಯಾಂಡಾ?

ಬಹುಪಾಲು ಹೌದು. ಮಿಸಿಸಿಪಿಯ ಬೋಲ್ಟನ್ ಊರಿನ ಚಾಟ್‌ಮನ್ ಮನೆಯದು. ಅಪ್ಪ ಹೆಂಡರ್ಸನ್ ಚಾಟ್‌ಮನ್ ಗುಲಾಮಗಿರಿಯ ಕಾಲದಿಂದಲೂ ಪಿಟೀಲು ನುಡಿಸುತ್ತಿದ್ದವನು. ಮಕ್ಕಳೆಲ್ಲ ಒಂದೊಂದು ವಾದ್ಯ ಹಿಡಿದು, ಬಿಳಿಯರ ಮನೆಯ ನೃತ್ಯಕೂಟಗಳಿಗೂ ಕಪ್ಪು ಜನರ ಕೂಟಗಳಿಗೂ ಹೋಗಿ ನುಡಿಸುತ್ತಿದ್ದರು. ಹೊಲದ ಕೆಲಸಕ್ಕಿಂತ ಅದರಲ್ಲಿ ದುಡ್ಡು ವಾಸಿ.

ರೆಕಾರ್ಡ್‌ಗಳಲ್ಲಿ ಕೇಳುವ ಶೀಕ್ಸ್ ಅಂದರೆ ಮುಖ್ಯವಾಗಿ ಪಿಟೀಲಿನ ಲಾನಿ ಚಾಟ್‌ಮನ್, ಗಿಟಾರಿನ ವಾಲ್ಟರ್ ವಿನ್ಸನ್. ವಾಲ್ಟರ್ ಒಡಹುಟ್ಟಿದವನಲ್ಲ, ನೆರೆಯವನು. ಬೋ ಮತ್ತು ಸ್ಯಾಮ್ ಆಗಾಗ ಸೇರಿಕೊಳ್ಳುತ್ತಿದ್ದರು. 1930ರ ಫೆಬ್ರವರಿಯಲ್ಲಿ ಲೂಸಿಯಾನಾದ ಶ್ರೀವ್‌ಪೋರ್ಟ್‌ನಲ್ಲಿ ಓಕೆ ಕಂಪನಿಗೆ ‘ಸಿಟ್ಟಿಂಗ್ ಆನ್ ಟಾಪ್ ಆಫ್ ದ ವರ್ಲ್ಡ್’ ಹಾಡಿದರು. ಅದು ಆಮೇಲೆ ಹೌಲಿನ್ ವುಲ್ಫ್, ಕ್ರೀಮ್, ಗ್ರೇಟ್‌ಫುಲ್ ಡೆಡ್ ಹೀಗೆ ಯಾರ್ಯಾರ ಬಾಯಲ್ಲೋ ತಿರುಗಾಡಿತು. 2008ರಲ್ಲಿ ಗ್ರ್ಯಾಮಿ ಹಾಲ್ ಆಫ್ ಫೇಮ್‌ಗೆ ಸೇರಿತು. 1935ಕ್ಕೆ ಬ್ಯಾಂಡ್‌ನ ರೆಕಾರ್ಡಿಂಗ್ ಮುಗಿಯಿತು.

ಬ್ಲೂಸ್ ಅಂದರೆ ಗಿಟಾರ್ ಅಂತ ನಂಬಿದವರಿಗೆ ಲಾನಿಯ ಪಿಟೀಲು ಒಳ್ಳೆಯ ಔಷಧಿ. ಉದ್ದಕ್ಕೂ ಎಳೆದು, ಸ್ವರವನ್ನು ಸ್ವಲ್ಪ ಕೆಳಗೆ ಜಾರಿಸಿ, ಹಾಡುವವನ ಜೊತೆಜೊತೆಗೇ ಅಳುತ್ತದೆ.

ಬೋ ಕಾರ್ಟರ್ ಹಾಡೆಲ್ಲ ಪೋಲಿ ಅಂತಾರೆ. ನಿಜಾನಾ?

ಎಲ್ಲ ಅಲ್ಲ, ಆದರೆ ಬೇಕಾದಷ್ಟಿವೆ. ಬಾಳೆಹಣ್ಣು, ಹಣ್ಣಿನ ಬುಟ್ಟಿ, ಸೂಜಿ, ದಿಂಬು, ಅಡುಗೆಮನೆಯ ಯಾವ ಸಾಮಾನನ್ನೂ ಅವನು ಬಿಟ್ಟಿಲ್ಲ. ಅಜ್ಜಿಯ ಮುಂದೆ ಹಾಕಬೇಡಿ. ಆದರೆ ಪದಗಳನ್ನು ಮರೆತು ಗಿಟಾರ್ ಕೇಳಿ. ಹೆಬ್ಬೆರಳಿನ ತಾಳ, ಮೇಲಿನ ತಂತಿಗಳ ಬಿಡಿಬಿಡಿ ಸ್ವರ, ಅಪರೂಪದ ಕಾರ್ಡ್‌ಗಳು (ಒಟ್ಟಿಗೆ ನುಡಿಸುವ ಸ್ವರಗಳ ಗೊಂಚಲು): ಆ ಮನೆಯ ಅತ್ಯುತ್ತಮ ಗಿಟಾರಿಸ್ಟ್ ಅವನೇ. 1928ರಲ್ಲಿ ಅವನು ಹಾಡಿದ ‘ಕೊರೀನ್, ಕೊರೀನಾ’ದಲ್ಲಿ ಪೋಲಿತನ ಏನೂ ಇಲ್ಲ, ಅದು ಇವತ್ತಿಗೂ ಜನ ಹಾಡುವ ಹಾಡು. ಮುಂದೆ ಅವನ ಕಣ್ಣು ಹೋಯಿತು. 1964ರಲ್ಲಿ ಬಡತನದಲ್ಲಿ ಸತ್ತ. ತಮ್ಮ ಸ್ಯಾಮ್ ಮಾತ್ರ ಹೊಸ ತಲೆಮಾರಿನ ವೇದಿಕೆಗಳನ್ನೂ ಕಂಡು, ಉದ್ದನೆಯ ಬಿಳಿ ಗಡ್ಡ ಬಿಟ್ಟು, 1983ರವರೆಗೆ ಬದುಕಿದ.

ಎಲ್ಲ ಗಂಡಸರೇ ಆಯ್ತಲ್ಲ, ಅಕ್ಕತಂಗಿಯರು ಎಲ್ಲಿ?

ನಿಜ ಹೇಳಬೇಕಂದ್ರೆ ರೆಕಾರ್ಡ್‌ಗಳಲ್ಲಿ ಅವರೇ ಮೊದಲು ಬಂದವರು. 1920ರಿಂದ ಮೊದಲ ನಾಲ್ಕೈದು ವರ್ಷ ಬ್ಲೂಸ್ ರೆಕಾರ್ಡ್ ಅಂದರೆ ಹೆಂಗಸರದೇ. ಒಂಟಿ ಗಿಟಾರಿನ ಗಂಡಸರಿಗೆ ಬೇಡಿಕೆ ಬಂದದ್ದು ಆಮೇಲೆ.

ಹ್ಯೂಸ್ಟನ್‌ನ ಥಾಮಸ್ ಮನೆಯನ್ನೇ ತೆಗೆದುಕೊಳ್ಳಿ. ಅಪ್ಪ ಬ್ಯಾಪ್ಟಿಸ್ಟ್ ಚರ್ಚಿನ ಡೀಕನ್, ಮಕ್ಕಳು ಬ್ಲೂಸ್‌ನವರು! ದೊಡ್ಡಣ್ಣ ಜಾರ್ಜ್ ಪಿಯಾನೋ ನುಡಿಸುತ್ತಿದ್ದ, ಹಾಡು ಬರೆಯುತ್ತಿದ್ದ, ಅಚ್ಚು ಹಾಕಿಸಿ ಮಾರುತ್ತಿದ್ದ. ಅವನ ‘ನ್ಯೂ ಆರ್ಲಿಯನ್ಸ್ ಹಾಪ್ ಸ್ಕಾಪ್ ಬ್ಲೂಸ್’ 1916ರಲ್ಲಿ ಪ್ರಕಟವಾಯಿತು. ಬೂಗಿ ವೂಗಿ ಅನ್ನುವ ಪಿಯಾನೋ ಶೈಲಿಯ ಎಡಗೈ ಓಟ ಅಚ್ಚಿನಲ್ಲಿ ಕಾಣಿಸಿದ್ದರಲ್ಲಿ ಇದು ತೀರಾ ಮೊದಲಿನದು. ಸಹೋದರಿ ಬ್ಯೂಲಾ, ಅಂದರೆ ಸಿಪ್ಪಿ ವಾಲೇಸ್, 1923ರಲ್ಲಿ ಓಕೆ ಕಂಪನಿಗೆ ಹಾಡಿ ‘ಟೆಕ್ಸಾಸ್ ನೈಟಿಂಗೇಲ್’ ಅನಿಸಿಕೊಂಡಳು. ಎಲ್ಲರಿಗಿಂತ ಕಿರಿಯ ಹರ್ಸಲ್ ಹುಟ್ಟಾ ಪಿಯಾನೋಗಾರ. 1926ರ ಮಾರ್ಚ್‌ನ ‘ಸ್ಪೆಷಲ್ ಡೆಲಿವರಿ ಬ್ಲೂಸ್’ನಲ್ಲಿ ಹಾಡು ಸಿಪ್ಪಿಯದು, ಪಿಯಾನೋ ತಮ್ಮನದು, ಕಾರ್ನೆಟ್ ಅನ್ನುವ ತುತ್ತೂರಿ ಲೂಯಿ ಆರ್ಮ್‌ಸ್ಟ್ರಾಂಗ್‌ನದು. ಅದಾಗಿ ಕೆಲವೇ ತಿಂಗಳಲ್ಲಿ ಹರ್ಸಲ್ ಡೆಟ್ರಾಯಿಟ್‌ನಲ್ಲಿ ವಿಷಾಹಾರದಿಂದ ಸತ್ತ. ಇನ್ನೂ 20 ತುಂಬಿರಲಿಲ್ಲ. ಅವನು ಒಬ್ಬನೇ ನುಡಿಸಿದ ‘ಸೂಟ್‌ಕೇಸ್ ಬ್ಲೂಸ್’ ಹುಡುಕಿ ಕೇಳಿ, ಹದಿಹರೆಯದ ಹುಡುಗ ನುಡಿಸಿದ್ದು ಅಂತ ನಂಬುವುದು ಕಷ್ಟ.

ಸಿಪ್ಪಿ ಆಮೇಲೆ ದಶಕಗಳ ಕಾಲ ಡೆಟ್ರಾಯಿಟ್‌ನ ಚರ್ಚೊಂದರಲ್ಲಿ ಆರ್ಗನ್ ನುಡಿಸಿಕೊಂಡಿದ್ದಳು. 1966ರಲ್ಲಿ ಅವಳನ್ನು ಒತ್ತಾಯ ಮಾಡಿ ಬ್ಲೂಸ್‌ಗೆ ವಾಪಸ್ ಕರೆತಂದವಳು ವಿಕ್ಟೋರಿಯಾ ಸ್ಪೈವಿ. ಅವಳೂ ಹ್ಯೂಸ್ಟನ್‌ನವಳು, ಅವಳ ಸಹೋದರಿಯರೂ ಹಾಡುಗಾರ್ತಿಯರು. ಸಿಪ್ಪಿಗೆ ಹೊಸ ಕೇಳುಗರು ಸಿಕ್ಕರು, ಗಾಯಕಿ ಬಾನಿ ರೇಟ್‌ನಂಥ ಅಭಿಮಾನಿ ಸಿಕ್ಕಳು. 1986ರ ನವೆಂಬರ್ 1ರಂದು, ತನ್ನ 88ನೇ ಹುಟ್ಟುಹಬ್ಬದ ದಿನವೇ, ಕಣ್ಣುಮುಚ್ಚಿದಳು.

‘ವೆನ್ ದ ಲೆವಿ ಬ್ರೇಕ್ಸ್’ ಲೆಡ್ ಝೆಪ್ಪೆಲಿನ್ ಹಾಡಲ್ವಾ?

ಅವರು ಹಾಡಿದ್ದು 1971ರಲ್ಲಿ. ಮೂಲ 1929ರದ್ದು, ಕ್ಯಾನ್ಸಸ್ ಜೋ ಮೆಕಾಯ್ ಮತ್ತು ಅವನ ಹೆಂಡತಿ ಮೆಂಫಿಸ್ ಮಿನ್ನಿಯದು. ಅದೇ 1927ರ ಪ್ರವಾಹದ ಹಾಡು. ದನಿ ಜೋನದು, ಆದರೆ ಗಿಟಾರಿನ ಮಿಂಚೆಲ್ಲ ಮಿನ್ನಿಯದು.

ಜೋನ ತಮ್ಮ ಚಾರ್ಲಿ ಮೆಕಾಯ್ ಹೆಸರು ಹೆಚ್ಚು ಜನಕ್ಕೆ ಗೊತ್ತಿಲ್ಲ. ಆದರೆ 1928ರಲ್ಲಿ ಟಾಮಿ ಜಾನ್ಸನ್ ಹಾಡುವಾಗ ಪಕ್ಕದಲ್ಲಿ ಎರಡನೇ ಗಿಟಾರ್ ನುಡಿಸಿದವನು ಅವನೇ. ಬೋ ಕಾರ್ಟರ್‌ನ ‘ಕೊರೀನಾ’ದಲ್ಲೂ ಇದ್ದಾನೆ. ಮ್ಯಾಂಡೊಲಿನ್‌ನಲ್ಲಿ ಅವನಿಗೆ ಸಾಟಿ ಕಡಿಮೆ. ಆಮೇಲೆ ಶಿಕಾಗೋದಲ್ಲಿ ಅಣ್ಣತಮ್ಮ ಇಬ್ಬರೂ ಹಾರ್ಲೆಮ್ ಹ್ಯಾಮ್‌ಫ್ಯಾಟ್ಸ್ ಬ್ಯಾಂಡ್‌ನಲ್ಲಿ ಸೇರಿದರು. ಗಾಯಕಿ ಪೆಗ್ಗಿ ಲೀಯನ್ನು ಮನೆಮಾತು ಮಾಡಿದ ‘ವೈ ಡೋಂಟ್ ಯು ಡು ರೈಟ್’ ಬರೆದದ್ದು ಜೋ. ಇಬ್ಬರೂ 1950ರಲ್ಲಿ, ಆರು ತಿಂಗಳ ಅಂತರದಲ್ಲಿ ಹೋದರು.

ಲಾನಿ ಜಾನ್ಸನ್‌ಗೂ ಅಣ್ಣತಮ್ಮ ಇದ್ರಾ?

ತುಂಬಾ ಜನ ಇದ್ದರು, ಉಳಿದದ್ದು ಒಬ್ಬ. ಲಾನಿ ಮೊದಲ ಮಹಾಯುದ್ಧದ ಹೊತ್ತಿಗೆ ಸಂಗೀತ ತಂಡದ ಜೊತೆ ಲಂಡನ್‌ಗೆ ಹೋಗಿದ್ದ. 1919ರಲ್ಲಿ ನ್ಯೂ ಆರ್ಲಿಯನ್ಸ್‌ಗೆ ವಾಪಸ್ ಬಂದರೆ ಇನ್‌ಫ್ಲುಯೆಂಜಾ ಮನೆಯನ್ನೇ ಗುಡಿಸಿಹಾಕಿತ್ತು. ಉಳಿದವನು ಜೇಮ್ಸ್ ಒಬ್ಬನೇ. ಇಬ್ಬರೂ ಸೇಂಟ್ ಲೂಯಿಸ್‌ಗೆ ಹೋದರು. ಜೇಮ್ಸ್ ‘ಸ್ಟೆಡಿ ರೋಲ್’ ಅನ್ನುವ ಹೆಸರಲ್ಲಿ ಪಿಯಾನೋ, ಪಿಟೀಲು ಎಲ್ಲ ನುಡಿಸುತ್ತಿದ್ದ. 1925ರಿಂದ ಶುರುವಾದ ಲಾನಿಯ ಮೊದಮೊದಲ ರೆಕಾರ್ಡ್‌ಗಳಲ್ಲಿ ಅವನೂ ಇದ್ದಾನೆ.

## ಸ್ವಲ್ಪ ಒಳಗೆ ಹೋದರೆ

‘ರೇಸ್ ರೆಕಾರ್ಡ್’ ಅಂದ್ರೆ ಏನು? ಇವರಿಗೆ ದುಡ್ಡು ಎಷ್ಟು ಸಿಗ್ತಿತ್ತು?

ಕಪ್ಪು ಜನರಿಗೆ ಮಾರಲು ಕಂಪನಿಗಳು ಪ್ರತ್ಯೇಕವಾಗಿ ತೆಗೆದ ಸರಣಿಗಳ ಹೆಸರು ಅದು. ಕೊಲಂಬಿಯಾದಲ್ಲಿ 14000ದಿಂದ ಶುರುವಾಗುವ ಸಂಖ್ಯೆಗಳು ಈ ಸರಣಿಯವು. ಬಾಬ್‌ನ ಮೊದಲ ರೆಕಾರ್ಡ್ 14205. ಬಿಳಿಯರ ಹಳ್ಳಿ ಸಂಗೀತಕ್ಕೆ ಬೇರೆ ಸರಣಿ. ರೈಲಿನಲ್ಲಿ, ಹೋಟೆಲಿನಲ್ಲಿ ಕಪ್ಪು ಜನರನ್ನು ಬಿಳಿಯರಿಂದ ಬೇರೆ ಇಟ್ಟಿದ್ದ ಗೋಡೆ ರೆಕಾರ್ಡ್ ಪಟ್ಟಿಯಲ್ಲೂ ಇತ್ತು. ಸಂಗೀತ ಮಾತ್ರ ಗೋಡೆಯ ಮಾತು ಕೇಳುತ್ತಿರಲಿಲ್ಲ. ಶೀಕ್ಸ್ ನುಡಿಸಿದ ವಾಲ್ಟ್ಸ್ ನೃತ್ಯದ ಸಂಗೀತ ಒಂದನ್ನು ಕಂಪನಿಯೇ ಬಿಳಿಯರ ಸರಣಿಯಲ್ಲಿ ಹಾಕಿತು!

ಅಟ್ಲಾಂಟಾದಲ್ಲಿ ಕಾಯಂ ಸ್ಟುಡಿಯೋ ಇರಲಿಲ್ಲ. ಕಂಪನಿಯವರು ವರ್ಷಕ್ಕೆ ಎರಡು ಸಲ ಯಂತ್ರ ಹೊತ್ತು ತಂದು, ಸಿಕ್ಕವರನ್ನೆಲ್ಲ ಸಾಲಾಗಿ ನಿಲ್ಲಿಸಿ ಮೇಣದ ತಟ್ಟೆಯ ಮೇಲೆ ಹಾಡು ಹಿಡಿದು ಹೋಗುತ್ತಿದ್ದರು. ಹಾಡಿದವರಿಗೆ ಸಾಮಾನ್ಯವಾಗಿ ಒಂದು ಬದಿಗೆ ಇಷ್ಟು ಅಂತ ಒಂದೇ ಸಲದ ಕೂಲಿ. ಸಾವಿರ ಮಾರಾಟವಾದರೂ ಅಷ್ಟೇ, ಹದಿನೈದು ಸಾವಿರವಾದರೂ ಅಷ್ಟೇ. ಅಂಗಡಿಯಲ್ಲಿ ಒಂದು ರೆಕಾರ್ಡ್‌ಗೆ 75 ಸೆಂಟ್.

ನಮಗೂ ಇದರಲ್ಲಿ ಒಂದು ನಂಟಿದೆ. ಆ ರೆಕಾರ್ಡ್‌ಗಳಿಗೆ ಬೇಕಾದ ಅರಗು ಹೆಚ್ಚಾಗಿ ಹೋಗುತ್ತಿದ್ದದ್ದು ಭಾರತದಿಂದ. ಬಾಬ್‌ನ ದನಿ ಕೂತದ್ದು ನಮ್ಮ ಕಾಡಿನ ಅರಗಿನ ಹುಳದ ಮೇಲೆ.

ಬಾಬ್ ಗಿಟಾರ್ ಅಷ್ಟು ದಪ್ಪ ಸದ್ದು ಮಾಡೋದು ಹೇಗೆ? ನಾನು ಆರು ತಂತಿಯಲ್ಲಿ ನುಡಿಸಬಹುದಾ?

ಅವನದು 12 ತಂತಿಯ ಗಿಟಾರ್. ತಂತಿಗಳು ಜೋಡಿಜೋಡಿ, ದಪ್ಪ ತಂತಿಯ ಪಕ್ಕದಲ್ಲಿ ಒಂದು ಸ್ಥಾಯಿ ಮೇಲಿನ ಸಣ್ಣ ತಂತಿ. ಅಷ್ಟೂ ಎಳೆತವನ್ನು ಗಿಟಾರಿನ ಕತ್ತು ತಡೆಯಬೇಕಲ್ಲ, ಅದಕ್ಕೆ ಶ್ರುತಿಯನ್ನು ಮಾಮೂಲಿಗಿಂತ ಕೆಳಗಿಳಿಸಿಕೊಳ್ಳುತ್ತಾರೆ. ಆ ಗುಂಯ್ ಅನ್ನುವ ಸದ್ದು ಬರುವುದು ಅಲ್ಲಿಂದ.

ಬಾಬ್ ಹೆಚ್ಚಾಗಿ ಬಳಸಿದ್ದು ‘ಸ್ಪ್ಯಾನಿಷ್’ ಅನ್ನುವ ತೆರೆದ ಶ್ರುತಿ. ಕೆಳಗಿನಿಂದ ಮೇಲಕ್ಕೆ ಡಿ, ಜಿ, ಡಿ, ಜಿ, ಬಿ, ಡಿ. ಬೆರಳಿಡದೆ ಮೀಟಿದರೂ ಒಂದು ಪೂರ್ತಿ ಕಾರ್ಡ್ ಸಿಗುತ್ತದೆ. ಎಡಗೈಯಲ್ಲಿ ಬಾಟಲಿಯ ಕತ್ತನ್ನು ತಂತಿಯ ಮೇಲೆ ಜಾರಿಸುತ್ತಾನೆ, ಗೋಟುವಾದ್ಯದಲ್ಲಿ ಮರದ ತುಂಡು ಜಾರಿಸಿದ ಹಾಗೆ. ಬಲಗೈ ಬೆರಳು ಬೆರಳಾಗಿ ಮೀಟುವುದಿಲ್ಲ, ಬ್ಯಾಂಜೋ ಬಡಿಯುವ ಹಾಗೆ ಬಡಿಯುತ್ತದೆ. ಅದೇ ಊರಿನ ಬ್ಲೈಂಡ್ ವಿಲ್ಲಿ ಮೆಕ್‌ಟೆಲ್‌ನದೂ 12 ತಂತಿಯೇ. ಆದರೆ ಅವನು ಪ್ರತಿ ಸ್ವರವನ್ನೂ ಬಿಡಿಸಿ ಇಡುತ್ತಾನೆ, ಬಾಬ್ ತಾಳಕ್ಕೆ ಕೊಟ್ಟುಬಿಡುತ್ತಾನೆ.

ಆರು ತಂತಿಯಲ್ಲಿ ಧಾರಾಳವಾಗಿ ನುಡಿಸಬಹುದು. ಶ್ರುತಿ ಇನ್ನೊಂದು ಸ್ವರ ಕೆಳಗಿಳಿಸಿ, ಸ್ವಲ್ಪ ದಪ್ಪ ತಂತಿ ಹಾಕಿ. ‘ಮದರ್‌ಲೆಸ್ ಚೈಲ್ಡ್ ಬ್ಲೂಸ್’ನಿಂದ ಶುರು ಮಾಡಿ. 1994ರಲ್ಲಿ ಎರಿಕ್ ಕ್ಲಾಪ್ಟನ್ ಕೂಡ ಹಾಡಿದ್ದಾನೆ, ಎರಡನ್ನೂ ಪಕ್ಕಪಕ್ಕ ಇಟ್ಟು ಕೇಳಿದರೆ ಬಲಗೈ ಗುಟ್ಟು ಬೇಗ ಸಿಗುತ್ತದೆ.

ಒಂದೇ ರಾಗ ಬೇರೆ ಬೇರೆಯವರ ಹಾಡಲ್ಲಿ ಕೇಳಿಸುತ್ತೆ. ಯಾರು ಯಾರಿಂದ ಕದ್ದಿದ್ದು?

ಕದ್ದದ್ದು ಅಂದರೆ ಸ್ವಲ್ಪ ಜಾಸ್ತಿಯಾಯಿತು. ಕೇಳಿದ್ದು ಕೈಗೆ ಬರುತ್ತಿತ್ತು, ಅಷ್ಟೇ. ಶೀಕ್ಸ್‌ನ ‘ಸಿಟ್ಟಿಂಗ್ ಆನ್ ಟಾಪ್’ ಬಂದದ್ದು 1930ರ ಶುರುವಿಗೆ. ಅದೇ ಡಿಸೆಂಬರ್‌ನಲ್ಲಿ ಬಾಬ್, ಕರ್ಲಿ ವೀವರ್ ಮತ್ತು 16 ವರ್ಷದ ಬಡ್ಡಿ ಮಾಸ್ ಸೇರಿ ಜಾರ್ಜಿಯಾ ಕಾಟನ್ ಪಿಕರ್ಸ್ ಅನ್ನುವ ಹೆಸರಲ್ಲಿ ನಾಲ್ಕು ಹಾಡು ಹಾಡಿದರು. ಅದರಲ್ಲಿ ‘ಐ ಆಮ್ ಆನ್ ಮೈ ವೇ ಡೌನ್ ಹೋಮ್’ ಕೇಳಿ, ಶೀಕ್ಸ್ ರಾಗವೇ. ಪಿಟೀಲಿನ ಜಾಗಕ್ಕೆ ಬಡ್ಡಿಯ ಹಾರ್ಮೋನಿಕಾ ಬಂದಿದೆ. ಆರು ವರ್ಷ ಬಿಟ್ಟು ರಾಬರ್ಟ್ ಜಾನ್ಸನ್‌ನ ‘ಕಮ್ ಆನ್ ಇನ್ ಮೈ ಕಿಚನ್’ನಲ್ಲೂ ಅದರ ಎಳೆ ಇದೆ. ಬಾಬ್‌ಗೆ ಆ 1930ರ ಡಿಸೆಂಬರ್‌ನದೇ ಕೊನೆಯ ರೆಕಾರ್ಡಿಂಗ್ ಆಯಿತು.

1931ರ ಆಸುಪಾಸಿಗೆ ಎಲ್ಲರ ರೆಕಾರ್ಡೂ ನಿಂತುಹೋಗೋದು ಯಾಕೆ?

ಮಹಾ ಆರ್ಥಿಕ ಕುಸಿತ. ಅಮೆರಿಕದಲ್ಲಿ 1927ರಲ್ಲಿ 10 ಕೋಟಿಗೂ ಹೆಚ್ಚು ರೆಕಾರ್ಡ್ ಮಾರಾಟವಾಗುತ್ತಿದ್ದದ್ದು 1932ರ ಹೊತ್ತಿಗೆ ಸುಮಾರು 60 ಲಕ್ಷಕ್ಕೆ ಬಿತ್ತು. ರೇಡಿಯೋ ಪುಕ್ಕಟೆ, ರೆಕಾರ್ಡ್‌ಗೆ ದುಡ್ಡು. ಊರೂರಿಗೆ ಯಂತ್ರ ಹೊತ್ತು ಹೋಗುವ ಖರ್ಚನ್ನು ಕಂಪನಿಗಳು ಮೊದಲು ನಿಲ್ಲಿಸಿದವು. ಬಾಬ್ 1930ರಲ್ಲಿ ಹಾಡಿದ ‘ವೀ ಶೂರ್ ಗಾಟ್ ಹಾರ್ಡ್ ಟೈಮ್ಸ್ ನೌ’ ಕೇಳಿದರೆ ಆ ಹೊತ್ತಿನ ಹೊಟ್ಟೆಯ ಕಥೆ ಗೊತ್ತಾಗುತ್ತದೆ.

ಎಲ್ಲ ಹಾಡು ಒಂದೇ ಕಡೆ ಸಿಗುತ್ತಾ? ನನ್ನ ವಿಡಿಯೋಗೆ ಹಾಕಿಕೊಳ್ಳಬಹುದಾ?

ಡಾಕ್ಯುಮೆಂಟ್ ರೆಕಾರ್ಡ್ಸ್ ಅನ್ನುವ ಕಂಪನಿ ಬಾಬ್‌ನ ಹಾಡುಗಳನ್ನೆಲ್ಲ ಕಾಲಕ್ರಮದಲ್ಲಿ ಮೂರು ಸಂಪುಟ ಮಾಡಿದೆ. ಅಣ್ಣ ಚಾರ್ಲಿಗೂ ಒಂದು ಸಂಪುಟದಲ್ಲಿ ಜಾಗ ಕೊಟ್ಟಿದೆ. ಶೀಕ್ಸ್, ಬೋ ಕಾರ್ಟರ್, ಸಿಪ್ಪಿ ವಾಲೇಸ್ ಕೂಡ ಅಲ್ಲಿ ಸಿಗುತ್ತಾರೆ. ಸ್ಟ್ರೀಮಿಂಗ್‌ನಲ್ಲೂ ಬೇಕಾದಷ್ಟಿದೆ. ಆದರೆ ಚಾರ್ಲಿಯನ್ನು ಹುಡುಕುವಾಗ ಹಿಕ್ಸ್, ಲಿಂಕನ್, ಲಾಫಿಂಗ್ ಚಾರ್ಲಿ, ಮೂರೂ ಹೆಸರು ಹಾಕಿ ನೋಡಿ.

ಹಕ್ಕಿನ ವಿಷಯಕ್ಕೆ ಬಂದರೆ, ಭಾರತದಲ್ಲಿ ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮೇಲೆ 60 ವರ್ಷ. ಅಮೆರಿಕದಲ್ಲಿ ಈ ಕಾಲದ ರೆಕಾರ್ಡ್‌ಗಳಿಗೆ 100 ವರ್ಷ. ಹಾಗಾಗಿ 1927ರಲ್ಲಿ ಬಂದ ‘ಬಾರ್ಬೆಕ್ಯೂ ಬ್ಲೂಸ್’ ಅಲ್ಲಿ ಮುಕ್ತವಾಗುವುದು 2028ರ ಜನವರಿ 1ಕ್ಕೆ. ವಿಡಿಯೋ ತಾಣಗಳು ಅಮೆರಿಕದ ಲೆಕ್ಕವನ್ನೇ ಹಿಡಿಯುವುದು ಜಾಸ್ತಿ, ಅಲ್ಲಿಯವರೆಗೆ ಹಾಕಿದರೆ ನಿಮ್ಮ ವಿಡಿಯೋಗೆ ತಡೆ ಬೀಳಬಹುದು.